ಮುಂದೆ ಎರಡು ತೂತು, ಹಿಂದೆ ಒಂದು

ನಮ್ಮ ಪಿಸ್ತೂಲಿನ ಕಾರ್ತೂಸು ನೋಡಲು ಅತ್ತರಿನ ಸೀಸೆಯ ಹಾಗಿತ್ತು. ನಮ್ಮೂರ ರೋಜಾ ಬಡಾವಣೆಯಲ್ಲಿ ದರ್ಗಾಕ್ಕೆ ಹೋಗುವ ಓಣಿಯ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುತ್ತಾರಲ್ಲ, ಆ ಸಣ್ಣ ಸೀಸೆ. ಕೆಳಗೆ ಹೊಟ್ಟೆ, ಮೇಲೆ ಇಳಿಜಾರಿನ ಹೆಗಲು, ಆಮೇಲೆ ಕುತ್ತಿಗೆ, ಕುತ್ತಿಗೆಯ ಬಾಯಿಗೆ ತಾಮ್ರದ ಬಣ್ಣದ ಸಣ್ಣ ಗುಂಡು. ಅಂಗೈಯಲ್ಲಿ ಇಟ್ಟುಕೊಂಡರೆ ಆಟಿಕೆಯಂತೆ ಕಾಣುತ್ತಿತ್ತು. ಇಷ್ಟು ಚಿಕ್ಕ ಗುಂಡಿಗೆ ಅಷ್ಟು ದಪ್ಪ ಹೊಟ್ಟೆ ಯಾಕೆ ಎಂದು ಚಿಕ್ಕಂದಿನಲ್ಲಿ ಅಪ್ಪನನ್ನು ಕೇಳಿದ್ದೆ. ಹೊಟ್ಟೆಯ ತುಂಬ ಮದ್ದು, ಹೊರಗೆ ಹೋಗಲು ಸಣ್ಣ ದಾರಿ, ಅದಕ್ಕೇ ಇದರ ಗುಂಡಿಗೆ ಬೇರೆ ಪಿಸ್ತೂಲುಗಳಿಗಿಲ್ಲದ ಓಟ ಎಂದು ಅಪ್ಪ ಹೇಳಿದ್ದ. ಆ ಓಟದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ನನ್ನ ಗೆಳೆಯನೊಬ್ಬನ ಬದುಕು ಹಾಳಾದದ್ದು ಆ ಹೆಮ್ಮೆಯಿಂದ, ಮತ್ತು ಆಮೇಲಿನ ನನ್ನ ಮೌನದಿಂದ. ಅದನ್ನು ಹೇಳಲು ಕುಳಿತಿದ್ದೇನೆ.

ನಾನು ಹತ್ತನೆಯ ತರಗತಿ ಪಾಸಾದವನು. ಕಾಳಿನ ಪೇಟೆಯಾದ ಗಂಜಿನಲ್ಲಿ ಅಪ್ಪನ ತೊಗರಿ ಅಡತಿ ಅಂಗಡಿ ನಡೆಸಿದೆ; ಮನೆ ಬ್ರಹ್ಮಪುರದಲ್ಲಿ. ಪಿಸ್ತೂಲು ಅಜ್ಜನ ಕಾಲದ್ದು, ಜರ್ಮನಿಯದು. ನಿಜಾಮರ ಆಳ್ವಿಕೆ ಮುಗಿಯುವ ಹೊತ್ತಿಗೆ ಊರು ಬಿಟ್ಟು ಹೋಗುತ್ತಿದ್ದ ಜಾಗೀರದಾರರೊಬ್ಬರಿಂದ ಅಜ್ಜ ಕೊಂಡದ್ದಂತೆ. ಅದನ್ನು ಇಡುವ ಒರೆಯೂ ಕಟ್ಟಿಗೆಯದು. ಲೈಸೆನ್ಸು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂತು. ಗಂಜಿನಲ್ಲಿ ಅದನ್ನು ಎಲ್ಲರೂ ತೀಸ್ ಬೋರ್, ಅಂದರೆ ಮೂವತ್ತರ ಬೋರ್, ಎನ್ನುತ್ತಿದ್ದರು. ಉಳಿದ ಸಾಹುಕಾರರ ಹತ್ತಿರ ಇದ್ದದ್ದು ಬತ್ತೀಸ್ ಬೋರಿನ, ಅಂದರೆ ಮೂವತ್ತೆರಡರ, ರಿವಾಲ್ವರು, ಇಲ್ಲವೇ ಬಾರಾ ಬೋರಿನ ಬಂದೂಕು.

ಬೇರೆಯವರು ಅದನ್ನು ಒಮ್ಮೆ ಹಾರಿಸಿ ನೋಡಲು ಕೇಳುತ್ತಿದ್ದರು. ಹಾರಿಸಿದವರೆಲ್ಲರೂ ಮೊದಲು ಕಿವಿ ಮುಟ್ಟಿಕೊಳ್ಳುತ್ತಿದ್ದರು. ಬತ್ತೀಸಿನ ಸದ್ದು ಬಾಗಿಲು ಬಡಿದ ಹಾಗೆ. ಇದರದ್ದು ಬಾರುಕೋಲಿನ ಹಾಗೆ, ಚುರುಕಾಗಿ ಸೀಳುವ ಸದ್ದು. ಬಾಯಿಯಿಂದ ಗೇಣುದ್ದ ಬೆಂಕಿ ಬರುತ್ತಿತ್ತು. ಕೈಗೆ ಮಾತ್ರ ಹೆಚ್ಚು ಪೆಟ್ಟಿಲ್ಲ. ಅದೇ ಅದರ ಮೋಸ. ಕೈಗೆ ಏನೂ ತಿಳಿಯದ್ದರಿಂದ ಗುಂಡು ಎಲ್ಲಿಯವರೆಗೆ ಹೋಯಿತು ಎನ್ನುವುದು ಮನಸ್ಸಿಗೂ ತಿಳಿಯುತ್ತಿರಲಿಲ್ಲ. ಕಾರ್ತೂಸು ಹಳೆಯ ದಾಸ್ತಾನು. ಕೆಲವು ಹಾರುತ್ತಿರಲಿಲ್ಲ, ಕೆಲವು ಕುತ್ತಿಗೆ ಸೀಳಿಕೊಂಡು ಹೊರಬೀಳುತ್ತಿದ್ದವು. ಆದರೂ ಹಾರಿದ ಒಂದು ಹತ್ತಕ್ಕೆ ಸಮ ಎಂದು ನಾನು ಮೀಸೆ ತಿರುವುತ್ತಿದ್ದೆ.

ಗೆಳೆಯ ಎಂದೆನಲ್ಲ, ಅವನು ನನ್ನ ಜೊತೆ ಹೈಸ್ಕೂಲು ಓದಿದವನು. ಮುಂದೆ ನಮ್ಮೂರಿನದೇ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾದ. ಅವನ ತಂದೆ ಒಂದು ಹಳ್ಳಿಯ ಪೊಲೀಸ್ ಪಾಟೀಲರಾಗಿದ್ದವರು. ಅವರ ಬತ್ತೀಸ್ ರಿವಾಲ್ವರು ಇವನಿಗೆ ಬಂದಿತ್ತು. ಅವನ ಕೈಯ ಬಗ್ಗೆ ಹೇಳಬೇಕು. ಕರಿಹಲಗೆಯ ಮುಂದೆ ನಿಂತು, ಸೀಮೆಸುಣ್ಣ ಹಿಡಿದು, ಒಂದೇ ಸಲ ತೋಳು ಬೀಸಿ ವರ್ತುಲ ಬರೆಯುತ್ತಿದ್ದ. ಶುರುವಾದಲ್ಲಿಗೇ ಬಂದು ಗೆರೆ ಕೂಡುತ್ತಿತ್ತು. ಕೈವಾರ ಇಟ್ಟು ನೋಡಿದರೂ ತಪ್ಪು ಸಿಗುತ್ತಿರಲಿಲ್ಲವಂತೆ. ಹುಡುಗರು ದಿನಾ ಅದೊಂದನ್ನು ಮಾಡಿಸಿಕೊಂಡೇ ಪಾಠಕ್ಕೆ ಕೂರುತ್ತಿದ್ದರು.

ಒಂದು ಬೇಸಿಗೆ, ಊರ ಹೊರಗಿನ ನಮ್ಮ ಹೊಲದಲ್ಲಿ ಇಬ್ಬರೂ ತೊಗರಿ ಹೊಟ್ಟಿನ ಚೀಲಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿ ಹಾರಿಸಿದ್ದೆವು. ಅವನ ಗುಂಡು ಎರಡನೆಯ ಚೀಲದಲ್ಲಿ ಸಿಕ್ಕಿತು. ನನ್ನದು ಎಲ್ಲವನ್ನೂ ದಾಟಿ ಹಿಂದಿನ ಬದುವಿನ ಕಲ್ಲಿಗೆ ಬಡಿದು ಚಕ್ಕೆ ಎಬ್ಬಿಸಿತ್ತು.

"ನಿನ್ನ ಗುಂಡು ನಿನ್ನಂಗ ಅದ ನೋಡು," ಎಂದ ಅವನು. "ಎಲ್ಲಿ ನಿಂದರಬೇಕು ಅನ್ನೂದು ಗೊತ್ತಿಲ್ಲ."

"ನಿಂದು ಸರಕಾರಿ ನೌಕರ. ಎಲ್ಡ್ ಹೆಜ್ಜಿ ಹೋಗಿ ಕುಂತುಬಿಡ್ತದ," ಎಂದೆ ನಾನು.

"ಕುಂತರ ಏನಾತೋ? ಹೇಳಿದಲ್ಲೇ ಕುಂತದಲ್ಲ. ನಿಂದು ಕಲ್ಲ ಅಡ್ಡ ಬರಲಿಲ್ಲಂದ್ರ ಬೀದರಕ್ಕ ಹೋಗ್ತಿತ್ತು."

ನಕ್ಕೆವು. ಹೊಟ್ಟಿನ ಚೀಲ ನನ್ನ ಗುಂಡನ್ನು ನಿಲ್ಲಿಸುವುದಿಲ್ಲ ಎನ್ನುವುದನ್ನು ಹೀಗೆ ನಾನು ಕಣ್ಣಾರೆ ಕಂಡಿದ್ದೆ. ಮುಂದಿನದನ್ನು ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ದಾರಿ ನನಗಿಲ್ಲ.

ಕಮಲಾಪುರದಲ್ಲಿ ನನ್ನ ಸೋದರಮಾವನ ಕೆಂಪು ಬಾಳೆಯ ತೋಟವಿತ್ತು. ದಸರೆಯ ಖಂಡೇ ಪೂಜೆಯ ದಿನ ಮನೆಯ ಕುಡಗೋಲು, ಕೊಡಲಿ, ಬಂದೂಕು ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ತೋಟದಲ್ಲಿ ಪೂಜೆ ಮಾಡುತ್ತಿದ್ದರು. ಪೂಜೆ ಆದ ಮೇಲೆ ಬಂದೂಕು ಇರುವವರು ಒಂದೊಂದು ಈಡು ಹಾರಿಸುವುದು ಆ ಮನೆಯ ಪದ್ಧತಿ. ಗಾಳಿಗೆ ಹಾರಿಸುತ್ತಿರಲಿಲ್ಲ, ಬಾಳೆಗೆ ಹಾರಿಸುತ್ತಿದ್ದರು. ಗೊನೆ ಕಡಿದ ಬಾಳೆಯನ್ನು ಹೇಗೂ ಉರುಳಿಸಲೇಬೇಕು, ಅದು ಮತ್ತೆ ಗೊನೆ ಹಾಕುವುದಿಲ್ಲ. ಅಂಥ ಒಂದು ದಿಂಡನ್ನು ಆರಿಸಿ, ಕುಂಕುಮದ ಬೊಟ್ಟಿಟ್ಟು, ಅದಕ್ಕೆ ಈಡು ಹೊಡೆದು, ಮರುದಿನ ಬನ್ನಿಯ ಬೆಳಗ್ಗೆ ಕಡಿದು ಎಮ್ಮೆಗೆ ಹಾಕುತ್ತಿದ್ದರು. ಈ ಪದ್ಧತಿ ಶುರುವಾದದ್ದು ಮಾವನ ಅಜ್ಜ ಕೇಪಿನ ಬಂದೂಕು ಹಾರಿಸುತ್ತಿದ್ದ ಕಾಲದಲ್ಲಿ. ಅದರ ಛರ್ರಾ, ಅಂದರೆ ಸೀಸದ ಸಣ್ಣ ಕಾಳು, ಬಾಳೆಯ ಎರಡು ಪದರ ದಾಟುತ್ತಿರಲಿಲ್ಲ. ಬಾಳೆದಿಂಡು ಎಂದರೆ ನೀರಿನ ಕಂಬ, ಗುಂಡು ಅದರೊಳಗೇ ತಣ್ಣಗಾಗುತ್ತದೆ ಎನ್ನುವುದು ಆ ಮನೆಯವರ ಮಾತು. ಬಂದೂಕು ಬದಲಾಯಿತು, ಮಾತು ಬದಲಾಗಲಿಲ್ಲ.

ಆ ವರ್ಷ ನಾನು ಗೆಳೆಯನನ್ನೂ ಕರೆದುಕೊಂಡು ಹೋಗಿದ್ದೆ. ನಮಗೆ ಆಗ ಮೂವತ್ತು ದಾಟಿತ್ತು. ಪೂಜೆ ಮುಗಿದು, ಮಧ್ಯಾಹ್ನದ ಬಿಸಿಲಿನಲ್ಲಿ, ತೋಟದ ಅಂಚಿನ ಒಂದು ದಪ್ಪ ದಿಂಡನ್ನು ಮಾವ ತೋರಿಸಿದ. ಗೆಳೆಯ ಅದರ ಹಿಂದೆ ಹೋಗಿ ಇಣುಕಿ ಬಂದ.

"ಹಿಂದ ಏನದ?"

"ಎಲಿಗೆ ಬಿಟ್ಟ ಬಾಳಿ, ಅದರಾಚಿ ತೊಗರಿ ಹೊಲ," ಎಂದೆ.

"ನಿಂದು ನಿಂದರೂದಿಲ್ಲಲೇ. ಚೀಲದಾಗ ನೋಡೀವಲ್ಲ."

"ಅದು ಒಣ ಹೊಟ್ಟು. ಇದು ನೀರಿನ ಕಂಬ. ಮಾಸ್ತರಗ ಅಂಜಿಕಿ ಬಂತೇನು? ಕೈ ನಡಗಾಕತ್ತದೇನು?"

ಸುತ್ತ ನಿಂತವರು ನಕ್ಕರು. ಈ ಮಾತನ್ನು ನಾನು ಅವನಿಗೆ ಅಂದೆ ಎನ್ನುವುದನ್ನು ನೆನಪಿಡಬೇಕು. ಕೈ ನಡುಗುತ್ತಿದೆಯೇನು ಎಂದು ಮೊದಲು ಕೇಳಿದವನು ನಾನು.

ಇಬ್ಬರೂ ಜೋಡಿಯಾಗಿ ಹಾರಿಸಬೇಕೆಂದು ಮಾವ ಹೇಳಿದ. ಹರ ಹರ ಎಂದ ಕೂಡಲೇ ಇಬ್ಬರೂ ಕುದುರೆ ಎಳೆದೆವು. ಎರಡೂ ಸದ್ದು ಒಂದಾಗಿ ಬಂತು. ದಿಂಡು ಸ್ವಲ್ಪ ಅಲುಗಿ ನೀರು ಒಸರಿತು. ಆಮೇಲೆ ದಿಂಡಿನ ಹಿಂದಿನಿಂದ, ಸ್ವಲ್ಪ ದೂರದಿಂದ, ಒಬ್ಬ ಹೆಣ್ಣುಮಗಳು ಕೂಗಿದಳು. ಹಬ್ಬಕ್ಕೆಂದು ಬಾಳೆ ಎಲೆ ಕೊಯ್ಯಲು ಬಂದವಳು. ಎಲೆಗಳ ನಡುವೆ ಬಗ್ಗಿದ್ದರಿಂದ ಗೆಳೆಯ ಇಣುಕಿದಾಗ ಕಂಡಿರಲಿಲ್ಲ. ಬಲಗೈಯ ಮೊಣಕೈ ಹಾದು ಗುಂಡು ಹೊಲದ ಕಡೆಗೆ ಹೋಗಿತ್ತು. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ. ಕೊಯ್ದ ಎಲೆಗಳ ಮೇಲೆಯೇ ಕುಳಿತುಬಿಟ್ಟಿದ್ದಳು.

ಎಲ್ಲರೂ ಓಡಿದೆವು. ಅವಳನ್ನು ಎತ್ತಿ ಟ್ರ್ಯಾಕ್ಟರಿನಲ್ಲಿ ಮಲಗಿಸಿದೆವು. ಯಾರದು, ಯಾರ ಗುಂಡು ಎಂದು ಓಡಿಬಂದ ಅವಳ ಗಂಡ ಕೇಳುತ್ತಲೇ ಇದ್ದ. ನಾನು ಅವಳ ತಲೆಗೆ ಆಸರೆ ಹಿಡಿದಿದ್ದೆ. ಗೆಳೆಯ ಬಿಳುಚಿಕೊಂಡು ನಿಂತಿದ್ದವನು ಹೇಳಿದ:

"ನಂದ. ನನ್ನ ಕೈ ಅಲುಗ್ತು."

ಯಾರೂ ಅನುಮಾನಿಸಲಿಲ್ಲ. ಗುಂಡು ದಿಂಡಿನ ಮಗ್ಗುಲಿಂದ ತಪ್ಪಿ ಹೋಗಿರಬೇಕು ಎಂದು ಒಬ್ಬರು, ತೂರಿ ಹೋಗಿರಬೇಕು ಎಂದು ಇನ್ನೊಬ್ಬರು. ತೂರಿ ಹೋದದ್ದೇ ಆದರೆ ಅದು ದೊಡ್ಡದೇ ಆಗಿರಬೇಕು ಎಂದು ಮಾವ ಹೇಳಿದ. "ತೀಸಕ್ಕಿಂತ ಬತ್ತೀಸ್ ದೊಡ್ಡದಲ್ಲೇನ್ರಿ?" ಲೆಕ್ಕ ಸರಿ ಕಂಡಿತು. ಆ ಗುಂಪಿನಲ್ಲಿ ಅದು ಸುಳ್ಳು ಲೆಕ್ಕ ಎಂದು ನೆನಪಾದವನು ನಾನೊಬ್ಬನೇ. ಗೆಳೆಯನಿಗೂ ಗೊತ್ತಿತ್ತು, ಆದರೆ ಆ ಹೊತ್ತಿನಲ್ಲಿ ಅವನ ತಲೆಯಲ್ಲಿ ಚೀಲವೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಅಲುಗಿದ ಕೈಯೊಂದೇ ಇತ್ತು. ತನ್ನ ಗುಂಡು ದಿಂಡನ್ನೇ ಮುಟ್ಟದೆ ಮಗ್ಗುಲಿಂದ ಹೋಯಿತು ಎಂದೇ ಅವನು ಮುಂದೆ ವರ್ಷಗಟ್ಟಲೆ ನಂಬಿದ್ದ.

ಆ ರಾತ್ರಿ ಅವನನ್ನು ಠಾಣೆಯಲ್ಲಿ ಕೂರಿಸಿಕೊಂಡರು. ನಾನು ಮಾವನ ಮನೆಯಲ್ಲಿ ಉಳಿದೆ. ಬೆಳಗ್ಗೆ ಎದ್ದವನೇ ಕುಡಗೋಲು ತೆಗೆದುಕೊಂಡು ತೋಟಕ್ಕೆ ಹೋದೆ.

ದಿಂಡಿನ ಮುಂದೆ ಎರಡು ತೂತುಗಳಿದ್ದವು. ಒಂದು ಕುಂಕುಮದ ಬೊಟ್ಟಿನ ನಟ್ಟನಡುವೆ, ದೊಡ್ಡದು, ಅಂಚು ಒಳಗೆ ಮಡಿಚಿದ್ದು. ಇನ್ನೊಂದು ಬೊಟ್ಟಿನಿಂದ ನಾಲ್ಕು ಬೆರಳು ಪಕ್ಕಕ್ಕೆ, ಸಣ್ಣದು, ಸೂಜಿ ಚುಚ್ಚಿದಷ್ಟು ಅಚ್ಚುಕಟ್ಟು. ಹಿಂದೆ ಹೋಗಿ ನೋಡಿದೆ. ಒಂದೇ ತೂತಿತ್ತು. ನಾನು ಅಲ್ಲಿ ನಿಂತು ಬಹಳ ಹೊತ್ತು ಬೆರಳಿನಿಂದ ದಿಂಡಿನ ಬೆನ್ನನ್ನು ಸವರಿದೆ, ಇನ್ನೊಂದು ತೂತು ಎಲ್ಲಾದರೂ ಸಿಕ್ಕೀತೇ ಎಂದು. ಸಿಗಲಿಲ್ಲ. ಕುಡಗೋಲಿನಿಂದ ಪದರ ಪದರ ಬಿಡಿಸಿದೆ. ನಡುವಿನ ಬಿಳಿ ತಿರುಳಿನಲ್ಲಿ ಅವನ ಸೀಸದ ಗುಂಡು ಕುಳಿತಿತ್ತು, ಮೂಗು ಮಾತ್ರ ಸ್ವಲ್ಪ ಚಪ್ಪಟೆಯಾಗಿ. ಹೇಳಿದಲ್ಲಿ ಕುಳಿತಿತ್ತು.

ಅದನ್ನು ಬಾವಿಗೆ ಎಸೆದೆ. ದಿಂಡನ್ನು ತುಂಡು ತುಂಡಾಗಿ ಕಡಿದು ಎಮ್ಮೆಯ ಮುಂದೆ ಹಾಕಿದೆ. ಪೊಲೀಸರು ಜಾಗ ನೋಡಲು ಬಂದಾಗ, ಈಡು ಹೊಡೆದ ಬಾಳೆಯನ್ನು ಬನ್ನಿಯ ಬೆಳಗ್ಗೆ ಕಡಿಯುವುದು ಪದ್ಧತಿ ಎಂದೆ. ಅದು ಸುಳ್ಳಲ್ಲವಲ್ಲ. ಮಾವನೂ ಹೌದೆಂದ. ತಪ್ಪು ಒಪ್ಪಿಕೊಂಡವನು ಇರುವಾಗ ಬಾಳೆದಿಂಡನ್ನು ಯಾರು ಹುಡುಕುತ್ತಾರೆ?

ಅಂದು ಸಂಜೆ ಬನ್ನಿ ಹಿಡಿದುಕೊಂಡು ಠಾಣೆಗೆ ಹೋದೆ. ಬೆಂಚಿನ ಮೇಲೆ ಕುಳಿತಿದ್ದವನು ಎದ್ದು ನಿಂತು ನನ್ನ ಕೈಯಿಂದ ಎಲೆ ತೆಗೆದುಕೊಂಡು, ಅವುಗಳಲ್ಲೇ ಕೆಲವನ್ನು ನನಗೆ ಹಿಂದಕ್ಕೆ ಕೊಟ್ಟ.

"ತಗೋ ದೋಸ್ತ, ಬಂಗಾರದಂಗ ಇರೋಣ," ಎಂದ. ಆಮೇಲೆ, "ನೀ ಬಂದಿದ್ದು ಚಲೋ ಆತು. ಮಂದಿ ಎಲ್ಲಾ ನನ್ನ ಕೈ ನೋಡಾಕತ್ತಾರ," ಎಂದ.

ಆಗ ಹೇಳಬಹುದಿತ್ತು. ಅಂಗಡಿ, ಲೈಸೆನ್ಸು, ಚಿಕ್ಕ ಮಕ್ಕಳು ಎಂದು ಒಳಗೇ ಕಾರಣ ಹುಡುಕಿದೆ. ನೌಕರಿ, ಲೈಸೆನ್ಸು, ಮಕ್ಕಳು ಅವನಿಗೂ ಇದ್ದವು. ನಿಜವಾದ ಕಾರಣ ಒಂದೇ. ಹೇಳದಿದ್ದರೂ ನಡೆಯುತ್ತಿತ್ತು, ಅದಕ್ಕೇ ಹೇಳಲಿಲ್ಲ.

ಕೇಸು ನಡೆಯಿತು. ವಕೀಲರನ್ನು ನಾನೇ ಹಿಡಿದೆ, ತಾರೀಖು ತಾರೀಖಿಗೂ ಕೋರ್ಟಿನ ಮೆಟ್ಟಿಲ ಮೇಲೆ ಅವನ ಪಕ್ಕ ಕುಳಿತೆ. ಅವನ ತಾಯಿ ನನ್ನ ಗಲ್ಲ ಸವರಿ, "ಒಡಹುಟ್ಟಿದಾಂವ ಸುದ್ದಾ ಇಷ್ಟು ಮಾಡಂಗಿಲ್ಲಪಾ," ಎಂದಳು. ಗಂಜಿನಲ್ಲಿ ಜನ ನನ್ನ ಸ್ನೇಹವನ್ನು ಉದಾಹರಣೆ ಕೊಡುತ್ತಿದ್ದರು. ನಾನು ಆ ಹೊಗಳಿಕೆಯನ್ನೂ ತೆಗೆದುಕೊಂಡೆ. ಅವನು ಕೆಲವು ತಿಂಗಳು ಜೈಲಿನಲ್ಲಿದ್ದು ಬಂದ. ನೌಕರಿ ಹೋಯಿತು. ನೌಕರಿ ಹೋದದ್ದಕ್ಕಿಂತ ದೊಡ್ಡದೊಂದು ಹೋದದ್ದು ನನಗೆ ಆಮೇಲೆ ಗೊತ್ತಾಯಿತು.

ಅವನು ಅಂಗಡಿಗಳ ಬೋರ್ಡು ಬರೆಯುವ ಕೆಲಸ ಹಿಡಿದ. ಕನ್ನಡ, ಉರ್ದು, ಮರಾಠಿ ಮೂರೂ ಚೆನ್ನಾಗಿ ಬರೆಯುತ್ತಿದ್ದ. ಉರುಸಿನ ದಿನಗಳಲ್ಲಿ ರೋಜಾದ ಲಾಡ್ಜು, ಹೋಟೆಲುಗಳ ಬೋರ್ಡುಗಳೆಲ್ಲ ಅವನದೇ. ಆದರೆ ದಾರ ಹಿಡಿದು ಗೆರೆ ಹೊಡೆಯದೆ ಒಂದು ಅಕ್ಷರ ಬರೆಯುತ್ತಿರಲಿಲ್ಲ. ಸೊನ್ನೆ ಬರೆಯಬೇಕಾದರೆ ಬಟ್ಟಲು ಕವುಚಿ ಇಟ್ಟು ಸುತ್ತಲೂ ಪೆನ್ಸಿಲ್ ಆಡಿಸುತ್ತಿದ್ದ. ಒಮ್ಮೆ ಒಂದು ಹಣ್ಣಿನ ಅಂಗಡಿಯವನು ಬೋರ್ಡಿನ ಮೂಲೆಯಲ್ಲಿ ಒಂದು ಮೂಸಂಬಿ ಬರೆದುಕೊಡಿ ಎಂದ. ನಾನು ಅಲ್ಲೇ ನಿಂತಿದ್ದೆ.

"ಚಿತ್ರ ನಾ ತಗಿಯಂಗಿಲ್ಲರಿ," ಎಂದ ಇವನು.

"ಅಯ್ಯ ಮಾಸ್ತರ, ಒಂದು ಗುಂಡಗ ತಗೀರಿ, ಸಾಕು. ಇಷ್ಟು ಚಂದ ಬರೀತೀರಿ."

"ಬರ್ಯೂದು ದಾರ. ನನ್ನ ಕೈ ಅಲ್ಲ," ಎಂದು ಅವನು ಕುಂಚ ತೊಳೆಯತೊಡಗಿದ.

ಮನೆಗೆ ಬರುವಾಗ, ಒಮ್ಮೆ ಕೈ ಹಾಕಿ ನೋಡಬಾರದಿತ್ತೇ ಎಂದು ಕೇಳಿದೆ. ಬಲಗೈಯನ್ನು ಚಾಚಿ ತೋರಿಸಿದ. ಕಲ್ಲಿನಂತೆ ನಿಂತಿತ್ತು. "ನೋಡಾಕ ಹಿಂಗ ಇರ್ತದ. ಬೇಕಾದ ಹೊತ್ತಿನ್ಯಾಗ ಕೈ ಕೊಡ್ತದ," ಎಂದ. ಅವತ್ತು ಅವನ ಜೊತೆ ಚಹಾ ಕುಡಿದೆ. ದುಡ್ಡೂ ನಾನೇ ಕೊಟ್ಟೆ.

ಪ್ರತಿ ದಸರೆಗೆ ಅವನು ಬನ್ನಿ ತೆಗೆದುಕೊಂಡು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗುತ್ತಿದ್ದ. ಆ ಹೆಣ್ಣುಮಗಳ ಕೈ ಮಡಿಚಿದಂತೆಯೇ ಉಳಿದಿತ್ತು, ಮೊಣಕೈ ಬಿಚ್ಚುತ್ತಿರಲಿಲ್ಲ. ಗಂಡ ತೀರಿದ ಮೇಲೆ ಅವಳು ಹುಮನಾಬಾದ್ ರಸ್ತೆಯ ಬದಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಇವನು ಬನ್ನಿ ಕೊಟ್ಟು ಮಾಫಿ ಕೇಳಿ ಬರುತ್ತಿದ್ದ. ನಾನು ಒಂದು ಸಲವೂ ಜೊತೆಗೆ ಹೋಗಲಿಲ್ಲ. ಮಾವನ ತೋಟಕ್ಕೂ ಹೋಗುವುದನ್ನು ಬಿಟ್ಟೆ. ಪಿಸ್ತೂಲು ಮಾತ್ರ ನನ್ನ ಹತ್ತಿರವೇ ಉಳಿಯಿತು. ಚುನಾವಣೆ ಬಂದಾಗ ಠಾಣೆಯಲ್ಲಿ ಜಮಾ ಮಾಡುವುದು, ಮುಗಿದ ಮೇಲೆ ತರುವುದು. ಹಾರಿಸಿದ್ದು ಮಾತ್ರ ಆ ಬಾಳೆಯ ಈಡೇ ಕೊನೆ.

ನಾವಿಬ್ಬರೂ ಎಪ್ಪತ್ತು ದಾಟಿದೆವು. ಫ್ಲೆಕ್ಸು ಬಂದ ಮೇಲೆ ಅವನ ಬೋರ್ಡಿನ ಕೆಲಸವೂ ನಿಂತಿತ್ತು. ಹೋದ ವರ್ಷ ಮಳೆಗಾಲದಲ್ಲಿ ಅವನ ಶ್ವಾಸಕೋಶ ಕೆಟ್ಟಿತು. ಬಣ್ಣದ ಗಾಳಿ ಕುಡಿದದ್ದು ಎಂದರು ಡಾಕ್ಟರು. ಖೂಬಾ ಪ್ಲಾಟ್ ಬಡಾವಣೆಯ ತನ್ನ ಮನೆಯಲ್ಲಿ ಗೋಡೆಯ ಪಕ್ಕದ ಮಂಚದಲ್ಲಿ ಮಲಗಿದ್ದ. ದಸರೆಯ ಬೆಳಗ್ಗೆ ಹೋದಾಗ ದಿಂಬಿನ ಕೆಳಗಿನಿಂದ ಬನ್ನಿಯ ಎಲೆ ತೆಗೆದು ನನ್ನ ಕೈಗಿಟ್ಟ.

"ಈ ವರ್ಸ ನನಗ ಆಗಂಗಿಲ್ಲ. ಕಮಲಾಪುರಕ್ಕ ನೀ ಹೋಗಿ ಬಾ."

"ನಾನ?"

"ಮತ್ಯಾರು ಅದಾರ? ನನ್ನ ಹೆಸರಲೆ ಬನ್ನಿ ಕೊಡು. ಖರೇನ ಮಾಫ್ ಮಾಡ್ಯಾಳೇನು, ಒಂದ್ ಸರ್ತಿ ಕೇಳ್ಕೊಂಡು ಬಾ. ನನಗ ಹೂಂ ಅಂತಾಳ. ಆದ್ರ ಮಾರಿ ನೋಡಂಗಿಲ್ಲ."

ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಹೋಗಿ ಬರ್ರಿ. ಅದೊಂದ ಮಾತು ಹಿಡದು ಕುಂತಾರ," ಎಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಹೋದೆ. ಒಂದು ಜೇಬಿನಲ್ಲಿ ಅವನ ಎಲೆ, ಇನ್ನೊಂದರಲ್ಲಿ ನನ್ನದು. ನನ್ನ ಗುಂಡಿಗೆ ಅವನ ಹೆಸರಿನಲ್ಲಿ ಮಾಫಿ ಕೇಳಲು ಹೋಗುತ್ತಿದ್ದೆ. ಆ ಮಾಫಿ ಸಿಕ್ಕರೂ ಅದು ಯಾರಿಗೆ ಸೇರಬೇಕು ಎನ್ನುವುದು ನನಗೆ ತಿಳಿಯಲಿಲ್ಲ.

ಅವಳು ರಸ್ತೆಯ ಬದಿಯಲ್ಲಿ ಗೋಣಿಚೀಲದ ನೆರಳಿನ ಕೆಳಗೆ ಕುಳಿತಿದ್ದಳು. ತಲೆ ನೆರೆತಿತ್ತು. ಮಡಿಚಿದ ಬಲಗೈಯನ್ನೇ ಕೊಕ್ಕೆಯಂತೆ ಮಾಡಿಕೊಂಡು ಹಣ್ಣಿನ ಚಿಪ್ಪನ್ನು ಅದಕ್ಕೆ ನೇತುಹಾಕಿ ಎಡಗೈಯಿಂದ ಒರೆಸುತ್ತಿದ್ದಳು. ಮಾವನ ಮನೆಯವನೆಂದು ಗುರುತು ಹಿಡಿದಳು.

"ಮಾಸ್ತರ ಬರಲಿಲ್ಲೇನ್ರಿ ಸಾವಕಾರ್ರ?"

"ಆರಾಮಿಲ್ಲವ್ವಾ. ನನ್ನ ಕಳಿಸ್ಯಾರ. ಬನ್ನಿ ಕೊಟ್ಟಾರ. ಖರೇನ ಮಾಫ್ ಮಾಡೀರೇನು ಅಂತ ಕೇಳ್ಯಾರ."

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. "ವರ್ಸಾ ಕೇಳ್ತಾರ. ವರ್ಸಾ ಹೂಂ ಅಂತೀನಿ. ಹೂಂ ಅನ್ನೂದಕ್ಕ ಏನು ಹತ್ತತದ್ರಿ? ಆದ್ರ ಮುಂಜಾನಿ ಎದ್ದು ಒಂದ ಕೈಲೆ ತಲಿ ಬಾಚ್ಕೊಳ್ಳೂವಾಗ, ಆ ಮಾಸ್ತರ ಕೈ ಸೇದಿಹೋಗಲಿ ಅಂತಿದ್ದೆ. ಸುಳ್ಳ ಯಾಕ ಹೇಳ್ಲಿ?"

"ಅವ್ವಾ," ಎಂದೆ, "ಅದು ಮಾಸ್ತರ ಗುಂಡಲ್ಲ. ನಂದು."

ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ದಿಂಡಿನ ಮುಂದಿನ ಎರಡು ತೂತು, ಹಿಂದಿನ ಒಂದು, ತಿರುಳಿನಲ್ಲಿ ಸಿಕ್ಕ ಗುಂಡು, ಬಾವಿ. ನಡುವೆ ಒಂದು ಕಾರು ಬಂದು ನಿಂತಿತು. ಅವಳು ಎದ್ದು ಹೋಗಿ ಹಣ್ಣು ಕೊಟ್ಟು, ಚಿಲ್ಲರೆ ಎಣಿಸಿ, ಬಂದು ಕುಳಿತಳು.

"ಮಾಸ್ತರಿಗೆ ಗೊತ್ತದೇನು?"

"ಇಲ್ಲ."

"ಮತ್ತ ನನಗ ಯಾಕ ಮೊದಲ ಹೇಳಿದ್ರಿ? ನನಗೇನು, ನಿಮ್ಮದಿರಲಿ ಅವರದಿರಲಿ, ಕೈ ಹಿಂಗ ಅದ." ಚಿಪ್ಪನ್ನು ಮತ್ತೆ ಮಡಿಚಿದ ಕೈಗೆ ನೇತುಹಾಕಿಕೊಂಡಳು. "ಇಷ್ಟು ವರ್ಸ ಅವರಿಗೆ ಶಾಪ ಹಾಕೀನಲ್ರಿ. ದಿನಾ ಹಾಕೀನಿ. ಆ ಶಾಪ ಈಗ ಹೆಂಗ ಹೊಳ್ಳಿ ತರ್ಲಿ?"

ಎರಡೂ ಜೇಬಿನ ಎಲೆಗಳನ್ನು ತೆಗೆದು ಚಾಚಿದೆ.

"ಇದರಾಗ ಮಾಸ್ತರದು ಯಾವುದು?"

ತೋರಿಸಿದೆ. ಅವನ್ನಷ್ಟೇ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಇನ್ನೊಂದು ಕೈಯನ್ನು ನೋಡಲಿಲ್ಲ. ಒಂದು ಚಿಪ್ಪು ಹಣ್ಣನ್ನು ಹಾಳೆಯಲ್ಲಿ ಸುತ್ತಿ ನನ್ನ ಮುಂದಿಟ್ಟಳು. "ಇದು ಅವರಿಗೆ. ಲಗೂನ ಹೋಗ್ರಿ. ಉಸುರು ಇರೂದ್ರಾಗ ಹೇಳ್ರಿ."

ಮಧ್ಯಾಹ್ನಕ್ಕೆ ಖೂಬಾ ಪ್ಲಾಟು ಮುಟ್ಟಿದೆ. ಅವನು ಎಚ್ಚರವಿದ್ದ. ಹಣ್ಣು ನೋಡಿ ಮುಖ ಅರಳಿತು.

"ಏನಂದ್ಳು?"

ಹೂಂ ಅಂದಳು ಎಂದು ಹೇಳಿಬಿಡುವ ಆಸೆ ಆ ಕ್ಷಣದಲ್ಲೂ ನನಗಿತ್ತು. ಅಷ್ಟು ವರ್ಷದ ರೂಢಿ. ಮಂಚದ ತುದಿಯಲ್ಲಿ ಕುಳಿತೆ.

"ಆಕಿ ನಿನ್ನ ಮಾಫ್ ಮಾಡೂದು ಏನೂ ಇರಲಿಲ್ಲ. ಗುಂಡು ನಂದು. ನಿಂದು ದಿಂಡಿನಾಗ ಇತ್ತು. ಮರುದಿನ ನಾನ ತಗದು ಬಾವ್ಯಾಗ ಒಗದೀನಿ."

ಅವನು ಕೂಗಾಡಲಿಲ್ಲ. ಕೂಗಾಡಲು ಉಸಿರೂ ಇರಲಿಲ್ಲ. ಅವನು ಕೇಳಿದ ಮೊದಲ ಪ್ರಶ್ನೆಯನ್ನು ನಾನು ಎಣಿಸಿರಲಿಲ್ಲ.

"ಎಲ್ಲಿ ಬಡದಿತ್ತು?"

"ಏನು?"

"ನಂದು. ದಿಂಡಿಗೆ ಎಲ್ಲಿ ಬಡದಿತ್ತು?"

"ಬೊಟ್ಟಿನ ನಟ್ಟನಡುವ."

"ನಡುವ?"

"ಹೌದು."

"ಹಂಗಾರ ಕೈ ಅಲುಗಿರಲಿಲ್ಲ."

"ಇಲ್ಲ," ಎಂದೆ. "ನಿನ್ನ ಕೈ ಅಲುಗಿರಲಿಲ್ಲ."

ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ಮುಖದ ಮುಂದೆ ಹಿಡಿದ. ರೋಗದಿಂದ ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. ಕಿಟಕಿಯಲ್ಲಿದ್ದ ಪೆನ್ಸಿಲ್ ಕೊಡು ಎಂದು ಸನ್ನೆ ಮಾಡಿದ. ಕೊಟ್ಟೆ. ಮಂಚದ ಪಕ್ಕದ ಗೋಡೆಯ ಮೇಲೆ ತೋಳು ಬೀಸಿ ಒಂದು ವರ್ತುಲ ಬರೆಯಲು ನೋಡಿದ. ಗೆರೆ ಅಂಕುಡೊಂಕಾಗಿ ಹೋಗಿ ಎಲ್ಲೋ ಕೆಳಗೆ ಇಳಿದು ನಿಂತಿತು.

"ಈಗ ಖರೇನ ಅಲುಗತದ ನೋಡು," ಎಂದ. ಆಮೇಲೆ, ಗೋಡೆಯಿಂದ ಕಣ್ಣು ತೆಗೆಯದೆ, "ಆವಾಗ ಹೇಳಿದ್ದರ ಜೇಲಿಗೆ ಹೋಗಿ ಬಂದ ಮ್ಯಾಲೆ ಆದ್ರೂ ಚಿತ್ರ ತಗಿತಿದ್ದೆ. ಜೇಲಿಗೆ ನಾನ ಹೋಗಿದ್ದರೂ ನಡೀತಿತ್ತಲೇ. ಕೈ ಸರಿ ಅದ ಅಂತ ಒಂದ ಮಾತು ನನ್ನ ಕಿವ್ಯಾಗ ಹೇಳಿದ್ದರ ಸಾಕಿತ್ತು."

ನನ್ನ ಜೇಬಿನಲ್ಲಿ ಬನ್ನಿ ಹಾಗೇ ಇತ್ತು. ತೆಗೆದೆ. ನನ್ನ ಕೈಯನ್ನು ಅವನು ತಳ್ಳಲಿಲ್ಲ. ಹಿಡಿಯಲೂ ಇಲ್ಲ.

"ಇನ್ನ ನೀ ಹೋಗು," ಎಂದ. "ನಾಳಿ ಬರಬ್ಯಾಡ."

ದೀಪಾವಳಿಗೆ ಮುಂಚೆ ಅವನು ತೀರಿದ. ಮಣ್ಣು ಕೊಡಲು ಹೋಗಿ ಎಲ್ಲರಿಗಿಂತ ಹಿಂದೆ ನಿಂತೆ. ಜನ ನನ್ನನ್ನು ಮುಂದಕ್ಕೆ ಕರೆದರು. ಅವನ ಜೀವದ ಗೆಳೆಯನೆಂದು ದಾರಿ ಬಿಟ್ಟರು. ಹಿಡಿ ಮಣ್ಣು ಹಾಕಿದೆ. ಮರುವಾರ ಠಾಣೆಗೆ ಹೋಗಿ ಪಿಸ್ತೂಲು ಒಪ್ಪಿಸಿ, ಹಿಂದೆ ಹೀಗೆ ನಡೆಯಿತು ಎಂದು ಅಲ್ಲಿದ್ದ ಅಧಿಕಾರಿಗೆ ಹೇಳಿದೆ. ಆತ ಹರೆಯದವನು. ಎದ್ದು ನನಗೆ ಕುರ್ಚಿ ಕೊಟ್ಟು ನೀರು ತರಿಸಿದ. "ಶಿಕ್ಷಾ ಮುಗದು ಯಾವ ಕಾಲ ಆತೋ ಏನೋ, ಅಜ್ಜಾರ. ಆ ಮನಷ್ಯಾನೂ ಇಲ್ಲ. ಈಗ ಯಾರಿಗೆ ಏನು ಮಾಡೂದು? ಮನೀಗೆ ಹೋಗ್ರಿ," ಎಂದ. ಅವನ ಮಾತಿನಲ್ಲಿ ಮರುಕವಿತ್ತು. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಅಲ್ಲಿಂದ ಖೂಬಾ ಪ್ಲಾಟಿಗೆ ಹೋದೆ. ಅವನ ಹೆಂಡತಿ ಒಳಗೆ ಕರೆದಳು. ಮಂಚವನ್ನು ತೆಗೆದಿದ್ದರು. ಮಂಚ ಇದ್ದ ಕಡೆ, ಮಲಗಿದವನ ಕೈ ಎಟುಕುವಷ್ಟು ಎತ್ತರದವರೆಗೆ, ಗೋಡೆಯ ತುಂಬ ಪೆನ್ಸಿಲ್ಲಿನ ವರ್ತುಲಗಳು. ಒಂದರ ಮೇಲೊಂದು, ಒಂದರೊಳಗೊಂದು. ಸಣ್ಣವು, ದೊಡ್ಡವು, ಕೆಲವು ಅರ್ಧಕ್ಕೆ ಬಿಟ್ಟವು.

"ದಸರಿ ಆದ ಮ್ಯಾಲೆ ಶುರು ಮಾಡಿದ್ರು," ಎಂದಳು. "ಊಟಾ ಬ್ಯಾಡ, ಔಷಧ ಬ್ಯಾಡ, ಇದ ಒಂದು. ಅವತ್ತು ನೀವೇನು ಹೇಳಿದ್ರಿ ಅವರಿಗೆ?"

"ಹೇಳ್ತೀನಿ ವೈನಿ," ಎಂದೆ. ನಿಂತುಕೊಂಡೇ ಹೇಳಿದೆ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ಕೇಳಿದಳು. ಮುಗಿದ ಮೇಲೆ ಗೋಡೆಯ ಹತ್ತಿರ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತಳು, ನನಗೆ ಕಾಣದ ಹಾಗೆ ಮುಚ್ಚುವವಳಂತೆ.

"ಇದಕ್ಕ ಸುಣ್ಣ ಹಚ್ಚಂಗಿಲ್ಲ ನಾನು," ಎಂದಳು. "ನೀವು ನೋಡಿದ್ರಿ, ಆತು. ಇನ್ನ ಹೋಗ್ರಿ."

ಬಾಗಿಲು ದಾಟುವ ಮುಂಚೆ ಇನ್ನೊಮ್ಮೆ ತಿರುಗಿ ನೋಡಿದೆ. ಅವಳ ಹೆಗಲಿನ ಎರಡೂ ಕಡೆ ಕಾಣುತ್ತಿದ್ದಷ್ಟು ವರ್ತುಲಗಳನ್ನು ಹುಡುಕಿದೆ. ಒಂದಾದರೂ ಶುರುವಾದಲ್ಲಿಗೆ ಬಂದು ಕೂಡಿರಬಹುದೆಂದು. ಯಾವುದೂ ಕೂಡಿರಲಿಲ್ಲ.